ಲಾವಂಚ: ಸೆಂಟಿಗೋ, ಬದುವಿಗೋ?

ಬೇಸಿಗೆಯಲ್ಲಿ ಕುಡಿಯುವ ನೀರಿನ ಕೊಡಕ್ಕೆ ಲಾವಂಚದ ಬೇರು ಹಾಕುವುದು ದಾಸನಕೊಪ್ಪದ ಸುತ್ತಿನ ನಮಗೆ ಹೊಸದಲ್ಲ. ಇದೇ ಬೇರಿನ ಎಣ್ಣೆ ಹೊರದೇಶಗಳ ಸೆಂಟುಗಳಲ್ಲೂ ಸೇರುತ್ತದೆ. ಪ್ಯಾರಿಸ್ಸಿನ ಗೆರ್ಲಾನ್ ಕಂಪನಿ 1959ರಲ್ಲಿ 'ವೆಟಿವೇರ್' ಎಂಬ ಸೆಂಟನ್ನೇ ಹೊರತಂದಿತು. ಆ ಹೆಸರಿನ 'ವೇರ್' ಎಂದರೆ ತಮಿಳಿನಲ್ಲಿ ಬೇರೇ.

ನಿಂಬೆ, ಕಿತ್ತಳೆಯ ಪರಿಮಳ ಬೇಗ ಆರಿಹೋಗುತ್ತದೆ. ಲಾವಂಚ, ಶ್ರೀಗಂಧಗಳ ಎಣ್ಣೆ ನಿಧಾನವಾಗಿ ಆರುತ್ತದೆ. ಜೊತೆಗಿನ ಪರಿಮಳವನ್ನೂ ಹಿಡಿದಿಡುತ್ತದೆ. ಬೆಲೆ ಬರುವುದು ಈ ಗುಣಕ್ಕೆ. ಗಂಧದ ಮರ ಬಲಿಯಲು ದಶಕಗಳು ಬೇಕು. ಲಾವಂಚದ ಬೇರು ಸುಮಾರು ಒಂದೂವರೆ ವರ್ಷಕ್ಕೆ ಕೀಳಲು ಬರುತ್ತದೆ.

ಆದರೆ ಒಂದು ಮಾತು. ಎಣ್ಣೆ ಇರುವುದು ಬೇರಿನಲ್ಲಿ. ಮಣ್ಣು ಹಿಡಿಯುವುದೂ ಅದೇ ಬೇರು. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಇದನ್ನು ಬೆಳೆಸಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸಂರಕ್ಷಣೆಗೆಂದು ಇದನ್ನು ಬೇರೆ ದೇಶಗಳಲ್ಲೂ ಪ್ರಚಾರ ಮಾಡಿದರು. ನಮ್ಮ ಬೆಟ್ಟದ ಇಳಿಜಾರಿನಲ್ಲಿ ನೆಟ್ಟು, ಎಣ್ಣೆಯ ಆಸೆಗೆ ಕಿತ್ತರೆ ಮುಂದಿನ ಮಳೆಗಾಲದಲ್ಲಿ ಸಡಿಲ ಮಣ್ಣೆಲ್ಲ ತೋಟದ ಕಾಲುವೆಗೆ ಇಳಿಯುತ್ತದೆ.

ಆದ್ದರಿಂದ ಬದುವಿನದನ್ನು ಬದುವಿಗೇ ಬಿಡೋಣ. ಎಲೆಯನ್ನಷ್ಟೇ ಕೊಯ್ದು ಗಿಡದ ಬುಡಕ್ಕೆ ಹೊದಿಸೋಣ. ಎಣ್ಣೆಗೆಂದು ಬೆಳೆಯುವುದಾದರೆ ಸಮತಟ್ಟಾದ, ನೀರು ನಿಲ್ಲದ, ಮರಳು ಬೆರೆತ ಜಾಗವೇ ಆಗಬೇಕು. ನೂರು ಕಿಲೋ ಒಣಬೇರಿಗೆ ಸಿಗುವ ಎಣ್ಣೆ ಒಂದೆರಡು ಕಿಲೋ ದಾಟದು. ಭಟ್ಟಿಗೆ ದಿನವಿಡೀ ಉಗಿ ಕೊಡಬೇಕು. ಒಬ್ಬಿಬ್ಬರ ಬೇರಿಗೆ ಅದು ಗಿಟ್ಟದು. ಸದಸ್ಯ ಬಾಂಧವರು ಭಟ್ಟಿಯನ್ನೂ ಕೊಳ್ಳುವವರನ್ನೂ ಗೊತ್ತುಮಾಡಿಕೊಂಡ ಮೇಲೆಯೇ ನೆಡುವುದು ಲೇಸು.