ಇಪ್ಪತ್ತು ಮಂತ್ರಿಗಳೆದುರು ಇಪ್ಪತ್ತು ಮಕ್ಕಳು

ಕುಂದಾಪುರ ಸೀಮೆಯ ಆಡುಮಾತಾದ ಕುಂದಗನ್ನಡದಲ್ಲಿ ಮಾಣಿ ಅಂದರೆ ಹುಡುಗ, ಅಷ್ಟೇ. ಅದೇ ಶಬ್ದ ಘಟ್ಟ ಹತ್ತಿ ಬೆಂಗಳೂರು ಸೇರಿದರೆ ಟೇಬಲ್ ಒರೆಸುವವ, ಲೋಟ ತೊಳೆಯುವವ, ದೋಸೆ ತಂದಿಡುವವ ಎಂದಾಗುತ್ತದೆ. ಒಂದು ಸೀಮೆಯ ಹುಡುಗರು ಅದೆಷ್ಟು ಸಂಖ್ಯೆಯಲ್ಲಿ ಹೋಟೆಲು ಸೇರಿದ್ದರೆ ಹುಡುಗ ಎಂಬ ಮಾತಿಗೇ ಕೆಲಸದವ ಎಂಬ ಅರ್ಥ ಅಂಟಿಕೊಂಡೀತು, ಯೋಚಿಸಿ.

ಬೆಂಗಳೂರಿನಲ್ಲಿ ಇಂಥ ಮಕ್ಕಳ ನಡುವೆ ಇದ್ದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆ ಅವರ ಊರು ಹುಡುಕಿಕೊಂಡು ಕುಂದಾಪುರಕ್ಕೇ ಬಂತು. ಸಂಸ್ಥೆಯ ಬೆಂಬಲದಿಂದ ದುಡಿಯುವ ಮಕ್ಕಳು ತಮ್ಮದೇ ಸಂಘ ಕಟ್ಟಿಕೊಂಡರು. ಹೆಸರು ಭೀಮ ಸಂಘ, ವರ್ಷ 1990.

ಅದೇ ವರ್ಷದ ಸೆಪ್ಟೆಂಬರ್ 2ರಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಜಾರಿಗೆ ಬಂತು. ಅದರಲ್ಲಿ 54 ವಿಧಿಗಳಿವೆ. ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್ 11ರಂದು. ಇವತ್ತಿಗೆ ಒಪ್ಪಿರುವವರ ಪಟ್ಟಿ 196ಕ್ಕೆ ಮುಟ್ಟಿದೆ. ಇಷ್ಟು ರಾಷ್ಟ್ರಗಳು ತಲೆಬಾಗಿದ ಮಾನವ ಹಕ್ಕುಗಳ ಒಪ್ಪಂದ ಇನ್ನೊಂದಿಲ್ಲ. 12ನೇ ವಿಧಿ ನೋಡಿ: ಎರಡೇ ಎರಡು ಪ್ಯಾರಾ. ತನಗೆ ಸಂಬಂಧಿಸಿದ ಯಾವುದೇ ವಿಷಯದಲ್ಲಿ ಮಗು ಮಾತಾಡಬಹುದು, ದೊಡ್ಡವರು ಆ ಮಾತಿಗೆ ಬೆಲೆ ಕೊಡಬೇಕು ಎಂಬುದು ಅದರ ಸಾರ. 196 ಸರ್ಕಾರಗಳ ಒಪ್ಪಿಗೆ ಕಡತದಲ್ಲಿದೆ. ಅದನ್ನು ನಿಜವೆಂದು ನಂಬಿ, ಕೊಟ್ಟ ಮಾತು ನಡೆಸಿ ಎಂದು ಕೇಳಿದವರು ಯಾರು?

1996ಕ್ಕೆ ಬನ್ನಿ. ಅಭಿವೃದ್ಧಿಶೀಲ ದೇಶಗಳಲ್ಲಿ 5ರಿಂದ 14 ವರ್ಷದೊಳಗಿನ 25 ಕೋಟಿ ಮಕ್ಕಳು ದುಡಿಯುತ್ತಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂದಾಜು ಮಾಡಿದ ವರ್ಷ ಅದು. ಕುಂದಾಪುರ ಪೇಟೆಯ ಜನಸಂಖ್ಯೆ 2011ರ ಜನಗಣತಿಯಲ್ಲೂ 30 ಸಾವಿರದ ಆಸುಪಾಸು. ಆ 25 ಕೋಟಿಯ ಪರವಾಗಿ ಮಾತಾಡಲು ಮೊತ್ತಮೊದಲ ಬಾರಿಗೆ ದುಡಿಯುವ ಮಕ್ಕಳೇ ಅಂತರರಾಷ್ಟ್ರೀಯ ಸಮಾವೇಶ ಸೇರಿದ್ದು ಜಿನೀವಾದಲ್ಲಲ್ಲ, ಅಲ್ಲಿಂದ 7 ಸಾವಿರ ಕಿಲೋಮೀಟರಿಗೂ ದೂರದ ನಮ್ಮ ಕುಂದಾಪುರದಲ್ಲಿ. ನವೆಂಬರ್ 27ರಿಂದ ಡಿಸೆಂಬರ್ 9ರವರೆಗೆ, 13 ದಿನ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 30ಕ್ಕೂ ಹೆಚ್ಚು ದೇಶಗಳಿಂದ ಬಂದವರು. ಕೊನೆಗೆ ಅವರು ಬರೆದಿಟ್ಟದ್ದು ಹತ್ತೇ ಅಂಶ. ಅದಕ್ಕೆ ಇವತ್ತಿಗೂ ಕುಂದಾಪುರ ಘೋಷಣೆ ಎಂದೇ ಹೆಸರು.

ಆ ಹತ್ತರಲ್ಲಿ ಎಲ್ಲವನ್ನೂ ನಾನು ಸಲೀಸಾಗಿ ಒಪ್ಪಲಾರೆ. ಮಕ್ಕಳು ಮಾಡಿದ ಸಾಮಾನನ್ನು ಬಹಿಷ್ಕರಿಸಬೇಡಿ, ಶೋಷಣೆ ಬೇಡ ಆದರೆ ಘನತೆಯ ಕೆಲಸ ಇರಲಿ ಎಂದರು. ಶಾಲೆಯೇ ಮಗುವಿನ ಜಾಗ ಎಂದು ನಂಬಿದವನಿಗೆ ಇದು ಗಂಟಲಲ್ಲಿ ಸಿಕ್ಕುತ್ತದೆ. ಆದರೆ ಕೆಲಸ ಕಿತ್ತುಕೊಂಡ ದಿನ ರಾತ್ರಿ ಉಣ್ಣುವುದೇನು ಎಂಬ ಪ್ರಶ್ನೆ ಅವರದು, ನನ್ನದಲ್ಲ. ಹಳ್ಳಿಯಲ್ಲೇ ಏನಾದರೂ ಮಾಡಿ, ನಾವು ಊರು ಬಿಡುವಂತಾಗದಿರಲಿ ಎಂದೂ ಕೇಳಿದರು. ಬಾಲಕಾರ್ಮಿಕತೆಯ ಬಗ್ಗೆ ಸಮ್ಮೇಳನ ನಡೆದರೆ ಅಲ್ಲಿ 20 ಮಂತ್ರಿಗಳಿದ್ದಲ್ಲಿ ದುಡಿಯುವ ಮಕ್ಕಳೂ 20 ಮಂದಿ ಇರಬೇಕು, ಮಾತುಕತೆ ಮಂತ್ರಿಗಳ ಜೊತೆಗೇ ಹೊರತು ಅವರ ಸಹಾಯಕರ ಜೊತೆ ಅಲ್ಲ ಎಂಬ ಪಟ್ಟಂತೂ ನನ್ನನ್ನು ಬೆರಗುಗೊಳಿಸುತ್ತದೆ. ಕಲ್ಲು ಎತ್ತಲಿಲ್ಲ, ಬಸ್ಸು ತಡೆಯಲಿಲ್ಲ. 12ನೇ ವಿಧಿಯನ್ನು ಅಕ್ಷರಶಃ ಲೆಕ್ಕ ಹಾಕಿ ಕುರ್ಚಿ ಕೇಳಿದರು! ಮೂರು ತಿಂಗಳೊಳಗೇ, 1997ರ ಫೆಬ್ರವರಿಯಲ್ಲಿ, ಆಮ್‌ಸ್ಟರ್‌ಡ್ಯಾಮಿನ ಸಮ್ಮೇಳನದಲ್ಲಿ ದುಡಿಯುವ ಮಕ್ಕಳ ಪ್ರತಿನಿಧಿಗಳು ಮಂತ್ರಿಗಳ ಜೊತೆ ಕೂತರು.

ಇತ್ತ ಊರಲ್ಲಿ 1995ರಿಂದಲೇ ಮಕ್ಕಳ ಪಂಚಾಯತ್ ಶುರುವಾಗಿತ್ತು. ಮಕ್ಕಳೇ ಮತ ಹಾಕಿ ಮಕ್ಕಳನ್ನು ಆರಿಸುವುದು, ತಮ್ಮ ಪರ ನಿಲ್ಲುವ ಒಬ್ಬ ಹಿರಿಯರನ್ನು 'ಮಕ್ಕಳ ಮಿತ್ರ' ಎಂದು ಆರಿಸಿಕೊಳ್ಳುವುದು. 2004ರಲ್ಲಿ ಕುಂದಾಪುರ ತಾಲ್ಲೂಕಿನ 56 ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳೇ ಐದು ವರ್ಷದ ಯೋಜನೆ ಬರೆದರು. ಬೈಂದೂರು ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಅದೂ ಇದರೊಳಗೇ. ಕೈಜೋಡಿಸಿದವರು ಸುಮಾರು 20 ಸಾವಿರ ಮಕ್ಕಳು. ಅವರಿಗೆ ಬೇಕಿದ್ದದ್ದೇನು? ಕಾಲುಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ. ನಮ್ಮ ಕಡೆ ಮಳೆಗಾಲದಲ್ಲಿ ತೋಡು ತುಂಬಿದರೆ ಶಾಲೆ ಆಚೆ ದಡದಲ್ಲೇ ಉಳಿಯುತ್ತದೆ. ದಾಟಲಾಗದ ಮಗು ಮೊದಲು ಶಾಲೆ ಬಿಡುತ್ತದೆ, ಆಮೇಲೆ ಊರು ಬಿಡುತ್ತದೆ. ಮಾಣಿಯನ್ನು ಹೋಟೆಲಿಗೆ ಕಳಿಸುವುದರಲ್ಲಿ ಎರಡು ಅಡಿ ಅಗಲದ ಒಂದು ಸಂಕ ಇಲ್ಲದ್ದಕ್ಕೂ ಪಾಲಿದೆ ಎಂಬುದು ದೊಡ್ಡವರ ಯೋಜನೆಯಲ್ಲಿ ಸುಲಭಕ್ಕೆ ಕಾಣುವ ಸಂಗತಿಯಲ್ಲ.

ಮುಂದೆ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯತ್‌ಗಳೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶ ಹೊರಡಿಸಿತು. 56 ಪಂಚಾಯತ್‌ಗಳ ಅಭ್ಯಾಸ ಐದು ಸಾವಿರಕ್ಕೂ ಹೆಚ್ಚು ಪಂಚಾಯತ್‌ಗಳ ಕರ್ತವ್ಯವಾಯಿತು. 2012ರಲ್ಲಿ ಭೀಮ ಸಂಘದ ಬೆಂಬಲಕ್ಕೆ ನಿಂತ 'ಕನ್ಸರ್ನ್ಡ್' ಸಂಸ್ಥೆಯ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೂ ನಾಮನಿರ್ದೇಶನವಾಯಿತು.

ಕೆಲಸ ಮುಗಿದಿಲ್ಲ. 2024ರ ಅಂದಾಜಿನಂತೆ ಜಗತ್ತಿನಲ್ಲಿ 13.8 ಕೋಟಿ ಬಾಲಕಾರ್ಮಿಕರಿದ್ದಾರೆ. ಕುಂದಾಪುರ, ಬೈಂದೂರು, ಬ್ರಹ್ಮಾವರದವರೇ, ನಿಮ್ಮ ಪಂಚಾಯತ್‌ನಲ್ಲಿ ಈ ಸಲದ ಮಕ್ಕಳ ಗ್ರಾಮಸಭೆ ಯಾವಾಗ ಎಂದು ವಿಚಾರಿಸಿ, ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿ. ಹೋದ ವರ್ಷ ಕೇಳಿದ ಸಂಕ ಎಲ್ಲಿಗೆ ಬಂತು ಎಂದು ಒಂದು ಮಗು ಎದ್ದುನಿಂತು ಕೇಳಿದಾಗ, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೊಡುವ ಉತ್ತರವನ್ನು ಬರೆದಿಟ್ಟುಕೊಳ್ಳಿ.