ಕಂಬಿಯ ಹಿಂದೆ ಕಾನೂನು ಪಾಠ

ಉಗಾಂಡಾದ ಲುಜಿರಾ ಜೈಲು. ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಸುಸಾನ್ ಕಿಗುಲಾ ಇಲ್ಲೇ ಕೂತು ಲಂಡನ್ ವಿಶ್ವವಿದ್ಯಾಲಯದ ಕಾನೂನು ಕೋರ್ಸ್ ಓದಿದರು, ಸಹಕೈದಿಗಳ ಮೇಲ್ಮನವಿಗೆ ನೆರವಾದರು, 2016ರಲ್ಲಿ ಬಿಡುಗಡೆಯಾದರು. ಅವರ ಓದಿಗೆ ಬೆನ್ನೆಲುಬಾದದ್ದು 2007ರಲ್ಲಿ ಶುರುವಾದ ಆಫ್ರಿಕನ್ ಪ್ರಿಸನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ. ಈಗಿನ ಹೆಸರು ಜಸ್ಟಿಸ್ ಡಿಫೆಂಡರ್ಸ್. ಕೈದಿಗಳ ಜತೆ ಜೈಲು ಸಿಬ್ಬಂದಿಗೂ ಅದು ಕಾನೂನು ಕಲಿಸುತ್ತದೆ.

‘ಹೊರಗಿನ ಬಡವರಿಗೇ ಗತಿಯಿಲ್ಲ, ಅಪರಾಧಿಗಳಿಗೇಕೆ ಈ ಉಪಚಾರ?’ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಒಳಗಿರುವವರಲ್ಲಿ ದೊಡ್ಡ ಪಾಲು ವಿಚಾರಣಾಧೀನ ಕೈದಿಗಳು. ವಕೀಲರಿಗೆ ಫೀಸು ಕೊಡಲಾಗದೆ ಕೊಳೆಯುತ್ತಿರುವ ಅದೇ ಬಡವರು. ಕೈದಿಗಳ ಆರೋಗ್ಯದ ಮಾತೂ ಅಷ್ಟೇ. ಕಿಕ್ಕಿರಿದ ಬ್ಯಾರಕ್‌ನ ಕ್ಷಯರೋಗ ಗೋಡೆಯೊಳಗೆ ನಿಲ್ಲುವುದಿಲ್ಲ: ಸಿಬ್ಬಂದಿಯ ಮನೆಗೂ, ಬಿಡುಗಡೆಯಾದವರ ಊರಿಗೂ ಹೋಗುತ್ತದೆ. ನ್ಯಾಯಾಲಯ ಕಸಿದುಕೊಂಡದ್ದು ಸ್ವಾತಂತ್ರ್ಯವನ್ನು. ಆರೋಗ್ಯವನ್ನೂ ಅಕ್ಷರವನ್ನೂ ಕಸಿಯಿರಿ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.