ಬಣ್ಣದ ಕೆಳಗಿನ ಕಿನ್ನಾಳ

ಗರುಡನಿಗೆ 12 ತುಂಡು. ಸಿಂಹಾಸನದ ಮೇಲೆ ಕುಳಿತ ಗಣಪನಿಗೆ 22. ಕಿನ್ನಾಳದ ಚಿತ್ರಗಾರರು ಇಡೀ ಮೂರ್ತಿಯನ್ನು ಒಂದೇ ದಿಮ್ಮಿಯಲ್ಲಿ ಕಡೆಯುವುದಿಲ್ಲ. ರೆಕ್ಕೆ, ಕೈ, ಪೀಠ ಎಲ್ಲವನ್ನೂ ಬಿಡಿಬಿಡಿಯಾಗಿ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಬಣ್ಣ ಏರಿದ ಮೇಲೆ ಆ ಕೂಡಿಕೆ ಎಲ್ಲಿತ್ತೆಂದು ಹುಡುಕಿದರೂ ಸಿಗದು.

ಕೊಪ್ಪಳದಿಂದ ಸ್ವಲ್ಪವೇ ದೂರದ ಈ ಊರಿಗೆ ಹೋದವರು ಮೊದಲು ನೋಡಬೇಕಾದದ್ದು ಇನ್ನೂ ಬಣ್ಣ ಕಾಣದ ಮೂರ್ತಿಯನ್ನು. ಕಪಾಟಿನಲ್ಲಿ ಹೊಳೆಯುವ ಗೊಂಬೆ ಯಾರನ್ನಾದರೂ ಸೆಳೆಯುತ್ತದೆ. ಆದರೆ ಕಿನ್ನಾಳದ ನಿಜವಾದ ವಿದ್ಯೆ ಇರುವುದು ಬಣ್ಣದ ಕೆಳಗೆ.

ಇಲ್ಲಿ ಬಳಸುವುದು ಹಗುರ ಜಾತಿಯ ಮರ. ಉಳಿಗೆ ಬೇಗ ಬಗ್ಗುತ್ತದೆ, ಆದರೆ ಅದರ ಮೈ ನುಣುಪಲ್ಲ. ಅದಕ್ಕೇ ಕಿಟ್ಟ ಬೇಕು. ಗೋಣಿತಟ್ಟಿನ ಚಿಂದಿಯನ್ನು ನೆನೆಹಾಕಿ, ಸಣ್ಣಗೆ ಹರಿದು, ಒಣಗಿಸಿ ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸಿದರೆ ಕಿಟ್ಟ ಸಿದ್ಧ. ಅದನ್ನು ಕೈಯಿಂದಲೇ ಮೂರ್ತಿಯ ಮೈತುಂಬ ಮೆತ್ತುತ್ತಾರೆ. ಅದರ ಮೇಲೆ ಹತ್ತಿಬಟ್ಟೆಯ ಸಣ್ಣ ಚೂರುಗಳನ್ನು ಅದೇ ಅಂಟಿನಿಂದ ಅಂಟಿಸುತ್ತಾರೆ. ಬಟ್ಟೆಯ ಮೇಲೆ ಕಲ್ಲಿನ ನುಣ್ಣನೆಯ ಪುಡಿಯ ಲೇಪ. ಬಣ್ಣ ಕೂರುವುದು ಈ ಲೇಪದ ಮೇಲೆ. ದೇವಿಯ ಕೊರಳಿನ ಸರ, ತೋಳಬಂದಿ, ಕಿರೀಟದ ಹರಳುಗಳು ಉಬ್ಬಿ ಕಾಣುವುದಕ್ಕೂ ಇದೇ ಕಲ್ಲುಪುಡಿಯೇ ಕಾರಣ. ಅದನ್ನು ಗೋಂದಿನಲ್ಲಿ ಕಲಸಿ, ಒಡವೆಗಳನ್ನು ಒಂದೊಂದಾಗಿ ಮೂಡಿಸುತ್ತಾರೆ. ಒಂದು ಪದರ ಒಣಗದೆ ಇನ್ನೊಂದನ್ನು ಹಚ್ಚುವಂತಿಲ್ಲ. ಮಳೆಗಾಲದಲ್ಲಿ ಕೆಲಸ ನಿಧಾನವಾಗುವುದೂ, ಅವಸರದ ಗಿರಾಕಿಗೆ ಇಲ್ಲಿ ಒಳ್ಳೆಯ ಮಾಲು ಸಿಗದಿರುವುದೂ ಇದರಿಂದಲೇ.

ಚನ್ನಪಟ್ಟಣದ ಗೊಂಬೆಯೊಂದಿಗೆ ಇದನ್ನು ಸೇರಿಸಿ ಮಾತಾಡುವವರು ಬಹಳ. ಎರಡೂ ಮರದವು, ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಲ್ಲಿಗೆ ಹೋಲಿಕೆ ಮುಗಿಯಿತು. ಚನ್ನಪಟ್ಟಣದ್ದು ತಿರುಗುವ ಯಂತ್ರಕ್ಕೆ ಕೊಟ್ಟು, ಅರಗು ಹಿಡಿಸಿ ತಯಾರಿಸುವ ಆಟಿಕೆ. ಮಗುವಿನ ಕೈಗೆ ಕೊಡಲೆಂದೇ ಮಾಡಿದ್ದು. ಕಿನ್ನಾಳದ್ದು ಚಿತ್ರಕಾರನ ಕೆಲಸ. ಮರ ಇಲ್ಲಿ ಚಿತ್ರಕ್ಕೆ ಒದಗಿದ ಭಿತ್ತಿ.

ಹಾಗೆ ನೋಡಿದರೆ ಇವರ ಮನೆತನದ ಕಥೆ ಶುರುವಾಗುವುದೇ ಭಿತ್ತಿಯಿಂದ. ಹಂಪಿಯ ವಿರೂಪಾಕ್ಷ ಗುಡಿಯ ಮಂಟಪದ ಛಾವಣಿಯಲ್ಲಿ ಗಿರಿಜಾ ಕಲ್ಯಾಣವಿದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ, ಪಲ್ಲಕ್ಕಿಯಲ್ಲಿ ಸಾಗುವ ಯತಿಯ ಮೆರವಣಿಗೆಯಿದೆ. ಆ ಚಿತ್ರಗಳೂ ಹಂಪಿಯ ಮರದ ತೇರಿನ ಕುಸುರಿಯೂ ತಮ್ಮ ಹಿರೀಕರ ಕೈಕೆಲಸ ಎಂಬುದು ಇಲ್ಲಿನವರ ನಂಬಿಕೆ. ಊರಿನ ಹಳೆಯ ಮನೆಯೊಂದರಲ್ಲಿ ಸಿಕ್ಕ ಕಾಗದದ ರೇಖಾಪ್ರತಿಗಳು ಈ ಮಾತಿಗೆ ಪುಷ್ಟಿ ಕೊಡುತ್ತವೆ. ಹಂಪಿ ನೋಡಿ ಬಂದು ಕಿನ್ನಾಳಕ್ಕೆ ಹೋದರೆ, ಕಣ್ಣು ಬರೆಯುವ ರೀತಿಯಲ್ಲೂ ಸೆರಗಿನ ಅಂಚಿನಲ್ಲೂ ಆ ನೆಂಟಸ್ತನ ನನಗಂತೂ ಕಾಣುತ್ತದೆ.

ಹಿಂದೆ ಬೇರೆ ಬೇರೆ ಕಸುಬಿನ ಜನರ ಗೊಂಬೆಗಳಿಗೆ ಇಲ್ಲಿ ಬೇಡಿಕೆಯಿತ್ತು. ಈಗ ಕೇಳುವವರು ಹೆಚ್ಚಾಗಿ ದೇವರು, ಪ್ರಾಣಿ, ಪಕ್ಷಿಗಳನ್ನು. ಹಬ್ಬ ಬಂತೆಂದರೆ ಮಣ್ಣಿನ ಮೂರ್ತಿಗಳೂ, ಸಗಣಿಗೆ ಮರದ ಹೊಟ್ಟು ಬೆರೆಸಿ ಮಾಡಿದ ಮೂರ್ತಿಗಳೂ ತಯಾರಾಗುತ್ತವೆ. ಇವೆಲ್ಲಕ್ಕಿಂತ ದೊಡ್ಡ ಆಸರೆ ನಮ್ಮ ಕಡೆಯ ಊರದೇವತೆಗಳದ್ದು. ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿಗೆ ಜಾತ್ರೆಯ ಮುಂಚೆ ಹೊಸದಾಗಿ ಬಣ್ಣ ಆಗಬೇಕು, ಕಣ್ಣು ಬರೆಯಬೇಕು. ಆ ಕೆಲಸಕ್ಕೆ ಚಿತ್ರಗಾರನೇ ಬೇಕು. ಕಿನ್ನಾಳವನ್ನು ‘ಆಟಿಕೆಯ ಊರು’ ಎಂದು ಕರೆಯುವುದು ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ಈ ಕಲೆಯನ್ನು ಉಳಿಸಿರುವುದು ಶೋಕೇಸಲ್ಲ, ಗುಡಿ.

2021ರ ಜನವರಿಯಲ್ಲಿ ಇದೇ ಜಿಲ್ಲೆಯ ಭಾನಾಪುರದ ಬಳಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಕೊಪ್ಪಳದ ಹುಡುಗ ಹುಡುಗಿಯರಿಗೆ ಅಲ್ಲಿ ಕೆಲಸ ಸಿಗಲಿ, ಸಂತೋಷ. ಆದರೆ ಅಚ್ಚಿನಲ್ಲಿ ಎರಕವಾಗುವ ಪ್ಲಾಸ್ಟಿಕ್ಕಿಗೂ ಕಿಟ್ಟಕ್ಕೂ ಸಂಬಂಧವಿಲ್ಲ. ಒಂದರ ಹೆಸರಿನಲ್ಲಿ ಇನ್ನೊಂದಕ್ಕೆ ನೆರವು ಕೊಟ್ಟೆವೆಂದು ಲೆಕ್ಕ ಬರೆಯಬಾರದು. ಕಿನ್ನಾಳಕ್ಕೆ ಬೇಕಾದದ್ದು ಬೇರೆ: ಹಗುರ ಮರ ಸುಲಭವಾಗಿ ಸಿಗುವ ವ್ಯವಸ್ಥೆ, ಪದರ ಒಣಗುವ ತನಕ ಕಾಯುವ ದಿನಗಳಿಗೂ ಬೆಲೆ ಕಟ್ಟಿ ಕೊಳ್ಳುವ ಗಿರಾಕಿ, ಕಲಿಯಲು ಕೂರುವ ಮಕ್ಕಳಿಗೆ ಕೂಲಿಗಿಂತ ಕಡಿಮೆಯಾಗದ ಗಳಿಕೆ.

ಹಂಪಿ, ಆನೆಗೊಂದಿ ನೋಡಲು ಬರುವವರು ಗಂಗಾವತಿ ಕಡೆಯಿಂದಲೇ ಹಿಂದಿರುಗದೆ ಕೊಪ್ಪಳದತ್ತಲೂ ಒಂದು ದಿನ ತಿರುಗಲಿ. ಆನೆಗೊಂದಿಯಲ್ಲಿ ಹೆಂಗಸರು ಬಾಳೆನಾರಿನಿಂದ ಬುಟ್ಟಿ, ಚೀಲ ಹೆಣೆಯುತ್ತಾರೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ನಡುವೆ ಕಿನ್ನಾಳದಲ್ಲಿ ಇಳಿದು, ಕೊಳ್ಳುವ ಮೊದಲು ಅರ್ಧ ಮುಗಿದ ಮೂರ್ತಿಯೊಂದನ್ನು ತೋರಿಸಿ ಎಂದು ಕೇಳಿ. ಬಟ್ಟೆಯ ಚೂರು, ಕಿಟ್ಟದ ಒರಟು ಮೈ ನೋಡಿದವರು ಬೆಲೆಯಲ್ಲಿ ಚೌಕಾಶಿ ಮಾಡಲಾರರು.